ಮೂರನೆಯ ಬೆರಳಿನ ಗುರುತು

ಫೆಬ್ರವರಿ 2, ಸೋಮವಾರ

ಅಕ್ಕ ಫೋನ್ ಮಾಡಿದ್ದಳು. ಭಾವ ತೀರಿಹೋಗಿ ಎಂಟು ತಿಂಗಳಾಯಿತು, ಅವಳಾಗಿ ಮಾಡಿದ್ದು ಇದೇ ಮೊದಲು. ನಾನು ಮಾಡಿದಾಗಲೆಲ್ಲ "ಹೂಂ", "ಇದ್ದೀನಿ", "ಸರಿ, ಇಡ್ಲಾ" ಎಂಬ ಮೂರೇ ಮಾತು. ಇವತ್ತು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಹಿಂದಿನ ಶೆಡ್ಡು ಖಾಲಿ ಮಾಡ್ಬೇಕು. ಒಂದನೇ ತಾರೀಖಿಂದ ಹೊಲಿಗೆಯವಳು ಅಲ್ಲಿ ಮೆಷೀನ್ ಹಾಕ್ಕೊಳ್ತಾಳೆ. ನಿಮ್ಮ ಭಾವನ ಸಾಮಾನು ಏನೇನಿದೆಯೋ ಬಂದು ನೋಡು. ಅದರ ಬೆಲೆ ಗೊತ್ತಿರೋದು ನಿಂಗೊಬ್ಬನಿಗೇ ತಾನೆ."

ಕೊನೆಯ ಮಾತಿನಲ್ಲಿ ಮುಳ್ಳಿತ್ತೋ ಇಲ್ಲವೋ ತಿಳಿಯಲಿಲ್ಲ. ಇದ್ದರೆ ಇರಲಿ. ಫೋನಿಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾವನ ಶೆಡ್ಡು! ಇಪ್ಪತ್ತೆರಡು ವರ್ಷದ ಹಿಂದೆ ಕೆಲಸ ನಿಂತ ಮೇಲೆ ಯಾರನ್ನೂ ಒಳಗೆ ಬಿಟ್ಟವರಲ್ಲ. ಅಲ್ಲಿ ಅವರು ಮಾಡುತ್ತಿದ್ದದ್ದು ನಾಜೂಕಿನ ಪಿಂಗಾಣಿಯಲ್ಲ, ಸಂತೆಯ ಮಡಕೆಯೂ ಅಲ್ಲ; ಕಲ್ಲಿನಷ್ಟು ಗಟ್ಟಿಯಾಗುವ ತನಕ ಸುಟ್ಟ ಸ್ಟೋನ್‌ವೇರ್ ತಟ್ಟೆ, ಬಟ್ಟಲು, ಲೋಟ. ಒಂದೊಂದನ್ನೂ ತಿರುಗುವ ತಿಗರಿಯ ಮೇಲೆ ಮಣ್ಣಿನಿಂದ ಕೈಯಲ್ಲೇ ಎತ್ತಿದ್ದು. ಆಗ ಹೋಟೆಲಿನವರು ಡಜನ್‌ಗಟ್ಟಲೆ ಒಯ್ದರು, ಒಡೆದರು, ಮರೆತರು. ಈಗ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ. ಹದಿನೇಳು ವರ್ಷದಿಂದ ಗುಜರಿ ಅಂಗಡಿ, ಹರಾಜು, ಮುಚ್ಚಿದ ಹೋಟೆಲುಗಳ ಅಟ್ಟ ಎಲ್ಲ ಜಾಲಾಡಿ ನೂರಾ ನಲವತ್ತಮೂರು ಸೇರಿಸಿದ್ದೇನೆ. ಪ್ರತಿಯೊಂದಕ್ಕೂ ನಂಬರಿದೆ, ದಾಖಲೆ ಪುಸ್ತಕದಲ್ಲಿ ಒಂದೊಂದು ಪುಟವಿದೆ.

ಹೆಂಡತಿ ತರಕಾರಿ ಹೆಚ್ಚುತ್ತ ಕೇಳಿದಳು, "ಅತ್ತಿಗೆ ಹೇಗಿದ್ದಾರಂತೆ?"

ಅದನ್ನು ಕೇಳುವುದು ಮರೆತಿತ್ತು.

ಫೆಬ್ರವರಿ 4, ಬುಧವಾರ

ಇಡೀ ದಿನ ಶೆಡ್ಡಿನಲ್ಲಿ. ಮೂಗಿನ ತುಂಬ ಒಣ ಜೇಡಿಯ ಪುಡಿ, ಸೀನಿ ಸೀನಿ ಸಾಕಾಯಿತು. ಆದರೂ ಇಂಥ ದಿನ ನನ್ನ ಆಯುಷ್ಯದಲ್ಲಿ ಹೆಚ್ಚಿಲ್ಲ.

ಕಿಟಕಿಯ ಪಕ್ಕ ಭಾವನ ತಿಗರಿ, ಮೇಲೆ ಹಳೆಯ ದುಪ್ಪಟಿ ಹೊದಿಸಿದೆ. ಮೂಲೆಯಲ್ಲಿ ಇಟ್ಟಿಗೆಯ ಭಟ್ಟಿ. ಮೆರುಗಿನ ಬಕೆಟುಗಳಲ್ಲಿ ತಳ ಒಣಗಿ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಗೋಡೆಯ ಮೊಳೆಗೆ ಎರಡು ಏಪ್ರನ್ನು. ಹಲಗೆಗಳ ಮೇಲೆ ಸೊಟ್ಟಗಾದವು, ಒಂದಕ್ಕೊಂದು ಅಂಟಿಕೊಂಡವು. ಅವುಗಳ ಹಿಂದೆ, ದೇವರು ದೊಡ್ಡವನು, ಹನ್ನೊಂದು ಒಳ್ಳೆಯ ತಟ್ಟೆ. ಬೂದುಹಸಿರು ಬಣ್ಣ, ಅಂಚಿನಲ್ಲಿ ಕಂದು ಗೆರೆ.

ಭಾವ ಎಲ್ಲೂ ಸಹಿ ಹಾಕಿದವರಲ್ಲ. "ತಿನ್ನೋ ತಟ್ಟೆಗೆ ನನ್ನ ಹೆಸರು ಯಾಕೋ? ಹೊಟ್ಟೆ ತುಂಬುತ್ತಾ?" ಎನ್ನುತ್ತಿದ್ದರು. ಹಾಗಾಗಿ ಅಸಲಿಯನ್ನು ಗುರುತಿಸುವ ದಾರಿ ನಾನೇ ಕಂಡುಕೊಂಡೆ. ಒಮ್ಮೆ ಸುಟ್ಟ ತಟ್ಟೆಯನ್ನು ಮೆರುಗಿನ ನೀರಿನಲ್ಲಿ ಅದ್ದುವಾಗ ಬುಡವನ್ನು ಬೆರಳಲ್ಲಿ ಹಿಡಿಯಬೇಕು. ಬೆರಳಿದ್ದ ಕಡೆ ಮೆರುಗು ಹತ್ತುವುದಿಲ್ಲ, ಬೋಳು ಗುರುತು ಉಳಿಯುತ್ತದೆ. ಒಂದು ಕಡೆ ಹೆಬ್ಬೆರಳು, ಎದುರು ಕಡೆ ಎರಡು. ಆ ಎರಡರಲ್ಲಿ ಕೊನೆಯದು, ಅಂದರೆ ಮೂರನೆಯದು, ಓರೆ. ಹೊರಕ್ಕೆ ತಿರುಗಿದ ಓರೆ. ನೂರಾ ನಲವತ್ತಮೂರರಲ್ಲೂ ಹಾಗೆಯೇ. ಅದು ಭಾವನ ಹಿಡಿತದ ಗತ್ತು. ನಲವತ್ತು ವರ್ಷ ಕನ್ನಡಕದ ಅಂಗಡಿ ಇಟ್ಟು ಊರವರ ಕಣ್ಣು ನೋಡಿದವನು ನಾನು. ಭೂತಗನ್ನಡಿ ಹಿಡಿದು ಇದನ್ನು ಪತ್ತೆ ಮಾಡಿದೆ. ಮೂರನೆಯ ಗುರುತು ನೇರ ಇದ್ದರೆ ನಕಲಿ, ಮಾತೇ ಇಲ್ಲ. ಈಗ ಅಂಗಡಿಯವರೆಲ್ಲ ನನ್ನ ಮಾತಿಗೆ ಕಾಯುತ್ತಾರೆ.

ಹನ್ನೊಂದಕ್ಕೂ ಓರೆ ಇತ್ತು. ಅಲ್ಲೇ ನಂಬರ್ ಹಾಕಿದೆ, 144ರಿಂದ 154.

ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು, ಒಳಗೆ ಬರಲಿಲ್ಲ. ಮಧ್ಯಾಹ್ನ ಚಹಾ ಕೊಟ್ಟಾಗ ಅವಳ ಕೈ ನೋಡಿ ಬೇಜಾರಾಯಿತು. ಕೀಲುವಾತದಿಂದ ಗಂಟುಗಂಟಾಗಿದೆ, ಲೋಟವನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ತಂದಳು. ಚಿಕ್ಕಂದಿನಲ್ಲಿ ಗಾಳಿಗೆ ಬಾಗಿಲು ಬಡಿದು ಬಲಗೈ ನಡುಬೆರಳು ಮಾತ್ರ ಸೊಟ್ಟಗಾಗಿತ್ತು. ಈಗ ಉಳಿದವೂ ಅದರ ಜೊತೆ ಸೇರಿಕೊಂಡಿವೆ.

ಫೆಬ್ರವರಿ 5, ಗುರುವಾರ

ಇನ್ನೂ ಆರು ಬಟ್ಟಲು. 160ಕ್ಕೆ ಮುಟ್ಟಿದೆ! ರಾತ್ರಿಯೂಟಕ್ಕೆ ಕೂತಾಗ ಇವಳು ಪ್ಲಾಸ್ಟಿಕ್ ತಟ್ಟೆ ಮುಂದಿಟ್ಟು ಹೇಳಿದಳು, "ನೂರರವತ್ತು ತಟ್ಟೆ ಯಜಮಾನ್ರೇ, ಊಟ ಮಾಡಿ." ಹೆಂಗಸರಿಗೆ ಸಂಗ್ರಹದ ಕಷ್ಟ ಅರ್ಥವಾಗುವುದಿಲ್ಲ. ಒಡೆದುಹೋದರೆ ಯಾರು ಮಾಡಿಕೊಡುತ್ತಾರೆ?

ಫೆಬ್ರವರಿ 7, ಶನಿವಾರ

ಬರೆಯುವುದೋ ಬೇಡವೋ ಎಂದು ಪೆನ್ನು ಮೂರು ಸಲ ಮುಚ್ಚಿ ತೆಗೆದೆ.

ಭಟ್ಟಿಯ ಹಿಂದೆ ಒಂದು ಮರದ ಪೆಟ್ಟಿಗೆ. ಹಗ್ಗವನ್ನು ಸುಮ್ಮನೆ ಸುತ್ತಿಟ್ಟಿದ್ದರು. ಬಿಚ್ಚಿದರೆ ಹುಲ್ಲಿನ ನಡುವೆ ತಟ್ಟೆಗಳು, ಎಣಿಸಿದೆ, ಹದಿನೆಂಟು. ಮೊದಲನೆಯದನ್ನು ಕೈಗೆತ್ತಿಕೊಂಡಾಗಲೇ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಗುಜರಿ ಅಂಗಡಿಯವನು "ಸಾರ್, ನೋಡಿ ಹೇಳಿ" ಎಂದು ನನ್ನ ಮುಂದೆ ಹರವಿದ ತಟ್ಟೆಗಳು. ಅಂಚು ಏರುಪೇರು, ಮೇಜಿನ ಮೇಲಿಟ್ಟರೆ ಕುಂಟುತ್ತಿದ್ದವು. ಮೂರನೆಯ ಬೆರಳು ನೆಟ್ಟಗೆ. ನಾನು ಅಲ್ಲೇ ನಕಲಿ ಎಂದು ಬರೆದುಕೊಟ್ಟಿದ್ದೆ.

ಆ ಕಾಗದವೂ ಪೆಟ್ಟಿಗೆಯಲ್ಲಿತ್ತು. ನನ್ನದೇ ಅಕ್ಷರ.

"ಪರಿಶೀಲಿಸಿ ನೋಡಲಾಗಿ, ಈ ಹದಿನೆಂಟು ತಟ್ಟೆಗಳು ಅವರ ಕೈಕೆಲಸವಲ್ಲ. ಅಂಚು ಸಮವಿಲ್ಲ, ಬುಡ ಅಲುಗುತ್ತದೆ, ಬೆರಳ ಗುರುತು ಬೇರೆ. ಮಾಡಿದವನಿಗೆ ಮಣ್ಣಿನ ಹದ ಗೊತ್ತಿಲ್ಲ. ದೊಡ್ಡವರ ಹೆಸರು ಕೆಡಿಸುವ ಬದಲು ಈತ ಬೇರೆ ಕಸುಬು ನೋಡಿಕೊಳ್ಳುವುದು ಒಳ್ಳೆಯದು."

ಕೆಳಗೆ ಬಾಲ ಎಳೆದ ಸಹಿ. ಕಾಗದ ನಾಲ್ಕು ಮಡಿಕೆ, ಮಡಿಕೆಗಳು ಸವೆದಿವೆ. ಯಾರೋ ಬಹಳ ಸಲ ತೆಗೆದು ಮತ್ತೆ ಮಡಚಿದ್ದಾರೆ.

ಹೊರಗೆ ಅಕ್ಕನ ಚಪ್ಪಲಿ ಸದ್ದಾಯಿತು. ಕಾಗದ ನನ್ನ ಜೇಬಿಗೆ ಹೋಯಿತು. ನಾನು ಹಾಕಿಕೊಂಡೆ ಎಂದು ಬರೆಯಬೇಕು, ಇರಲಿ. ಪೆಟ್ಟಿಗೆ ಮುಚ್ಚಿ, ಹಗ್ಗ ಬಿಗಿದು ಎರಡು ಗಂಟು ಹಾಕಿ ಮೊದಲಿದ್ದ ಜಾಗಕ್ಕೇ ತಳ್ಳಿದೆ. ಅಕ್ಕ "ಏನಾದ್ರೂ ಸಿಕ್ತಾ?" ಎಂದಳು. "ಧೂಳು" ಎಂದೆ.

ಫೆಬ್ರವರಿ 8, ಭಾನುವಾರ

ಯೋಚಿಸಿದರೆ ಇದು ಅಷ್ಟು ದೊಡ್ಡ ವಿಷಯವಲ್ಲ. ಅಂಗಡಿಯವನು ನಕಲಿ ಮಾಲನ್ನು ಭಾವನಿಗೆ ತೋರಿಸಲು ತಂದಿರಬೇಕು. "ನಿಮ್ಮ ಹೆಸರಲ್ಲಿ ಯಾರೋ ಹೀಗೆ ಮಾಡ್ತಿದಾರೆ" ಎಂದು. ಭಾವ ತಮಾಷೆಗೆ ಇಟ್ಟುಕೊಂಡಿರಬೇಕು. ಹಾಗಿದ್ದರೆ ನನ್ನ ಕಾಗದದಿಂದ ಅವರಿಗೆ ಉಪಕಾರವೇ ಆಗಿದೆ. ಗುರುತು ಸುಳ್ಳು ಹೇಳುವುದಿಲ್ಲ. ನೇರ ಬೆರಳು ನೇರವೇ.

ಹಾಗಾದರೆ ಜೇಬಿಗೆ ಯಾಕೆ ಹಾಕಿಕೊಂಡೆ? ಗೊತ್ತಿಲ್ಲ. ಇವತ್ತು ಆ ಅಂಗಿ ಒಗೆಯಲು ಹಾಕಲಿಲ್ಲ.

ಫೆಬ್ರವರಿ 10, ಮಂಗಳವಾರ

ಗುಜರಿ ಅಂಗಡಿಗೆ ಹೋಗಿದ್ದೆ. ಹಳೆಯ ಫ್ಯಾನುಗಳು, ಗಡಿಯಾರಗಳ ನಡುವೆ ಅವನು ಎಂದಿನಂತೆ ದೊರೆ ಹಾಗೆ ಕೂತಿದ್ದ. ಆ ಹದಿನೆಂಟು ತಟ್ಟೆಗಳನ್ನು ತಂದವರು ಯಾರು ಎಂದು ಕೇಳಿದೆ. ತಲೆ ಕೆರೆದುಕೊಂಡ.

"ಹೇಳ್ಬೇಡ ಅಂದಿದ್ರು ಸಾರ್. ಈಗ ಅವರೇ ಇಲ್ಲವಲ್ಲ, ಹೇಳ್ತೀನಿ. ನಿಮ್ಮ ಭಾವನೋರೇ ತಂದಿದ್ದು."

ಭಾವನೇ ತಂದರೇ ಎಂದು ಇನ್ನೊಮ್ಮೆ ಕೇಳಿದೆ.

"ಅವರೇ ಹೊತ್ಕೊಂಡು ಬಂದ್ರು ಸಾರ್, ಬೆವರು ಕಿತ್ಕೊಂಡು. 'ಇಪ್ಪತ್ತು ವರ್ಷ ಆದ್ಮೇಲೆ ಮತ್ತೆ ಭಟ್ಟಿ ಹಚ್ಚಿದೀನಿ, ನಾನೊಬ್ಬನೇ ಮಾಡಿದ್ದು. ನಮ್ಮ ಕನ್ನಡಕದ ಸಾಹೇಬ್ರಿಗೆ ತೋರ್ಸು, ನನ್ನ ಹೆಸರು ಮಾತ್ರ ಎತ್ತಬೇಡ. ಗುರುತು ಹಿಡೀತಾರಾ ನೋಡೋಣ. ಹಿಡಿದ್ರೆ ಅಷ್ಟೂ ಅವರಿಗೇ ಉಡುಗೊರೆ' ಅಂದ್ರು. ಒಳ್ಳೇ ಮಕ್ಕಳ ಹಾಗೆ ಖುಷಿಯಾಗಿದ್ರು ಸಾರ್."

"ಆಮೇಲೆ?"

"ನಿಮ್ಮ ಕಾಗದ ಕೊಟ್ಟೆ. ಓದಿ ನಕ್ಕರು. ನಕ್ಕು ನಕ್ಕು ಈ ಸ್ಟೂಲಿನ ಮೇಲೆ ಕೂತ್ಬಿಟ್ರು. ನೀರು ಕೇಳಿದ್ರು. ಕಾಗದ ಮಡಚಿ ಜೇಬಿಗೆ ಹಾಕ್ಕೊಂಡು, 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅಂದ್ರು. ಹೋದ್ರು."

ಆ ಸ್ಟೂಲು ಇನ್ನೂ ಅಲ್ಲೇ ಇದೆ. ಮಾರಾಟಕ್ಕಿದೆಯಂತೆ.

ಫೆಬ್ರವರಿ 11, ಬುಧವಾರ

ಶೆಡ್ಡಿಗೆ ಹೋಗಲಿಲ್ಲ. ಸೊಂಟನೋವು ಎಂದು ಫೋನಿನಲ್ಲಿ ಹೇಳಿದೆ. "ಹೂಂ" ಎಂದಳು.

ಫೆಬ್ರವರಿ 13, ಶುಕ್ರವಾರ

ಇವಳಿಗೆ ಎಲ್ಲ ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ, ಅಂಗಿಯ ಜೇಬಿನಲ್ಲಿ ಕಾಗದ ಅವಳಿಗೆ ಸಿಕ್ಕಿತು. ಓದಿದಳು, ಮಡಚಿದಳು, ಮೇಜಿನ ಮೇಲಿಟ್ಟಳು.

"'ಬೇರೆ ಕಸುಬು ನೋಡಿಕೊಳ್ಳುವುದು ಒಳ್ಳೆಯದು.' ಇಷ್ಟು ಉದ್ದ ಯಾಕೆ ಬರೆದ್ರಿ? 'ಅಲ್ಲ' ಅಂತ ಒಂದು ಮಾತು ಸಾಕಿತ್ತಲ್ಲ."

"ಗೊತ್ತಿದ್ರೆ ಬರೀತಿದ್ನಾ?"

"ಪರಿಚಯ ಇಲ್ಲದವನಿಗೆ ಬರೆದ್ರೂ ಅದು ಅಷ್ಟೇ ಕಹಿ ಅಲ್ವಾ? ಯಾರೋ ಪಾಪ ಹೊಸಬ ಆಗಿದ್ರೆ ಅವನಿಗೆ ನೋಯ್ತಿರ್ಲಿಲ್ವಾ?"

ನನಗೆ ಸಿಟ್ಟು ಬಂತು. ಸಂಗ್ರಹಕಾರನ ಜವಾಬ್ದಾರಿ ನಿನಗೇನು ಗೊತ್ತು, ನಕಲಿ ಒಳಗೆ ಬಂದರೆ ಇಡೀ ಸಂಗ್ರಹವೇ ಹಾಳು ಎಂದೆಲ್ಲ ಕೂಗಾಡಿದೆ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. ಕೊನೆಗೆ "ಅತ್ತಿಗೆಗೆ ಹೇಳಿಬಿಡಿ" ಎಂದಳು.

ಹೇಳಿ ಏನಾಗಬೇಕು? ಅಕ್ಕನಿಗೆ ಗೊತ್ತಿಲ್ಲದಿದ್ದರೆ ಸುಮ್ಮನೆ ಯಾಕೆ ನೋಯಿಸುವುದು? ನನಗಿರುವುದು ಅವಳೊಬ್ಬಳೇ ಅಕ್ಕ. ಈಗ ನಾಲ್ಕು ಮಾತಾದರೂ ಆಡುತ್ತಿದ್ದಾಳೆ. ಇದನ್ನು ಹೇಳಿದರೆ ಆ ನಾಲ್ಕೂ ಹೋಗುತ್ತವೆ. ಆ ಭಯಕ್ಕೇ ಬಾಯಿ ಬರುತ್ತಿಲ್ಲ, ಬೇರೆ ಯಾವ ಕಾರಣವೂ ಇಲ್ಲ.

ಫೆಬ್ರವರಿ 14, ಶನಿವಾರ

ಇವತ್ತು ಅಕ್ಕ ಶೆಡ್ಡಿನೊಳಗೆ ಬಂದು ಕೂತಳು. ಮಗುಚಿದ ಬಕೆಟ್ಟಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು. ನಾನು ಹಲಗೆ ಒರೆಸುತ್ತಿದ್ದೆ.

"ಭಟ್ಟಿ ಹಿಂದೆ ಒಂದು ಪೆಟ್ಟಿಗೆ ಇದೆ. ನೋಡಿದೆಯಾ?"

"ಇಲ್ಲಕ್ಕ. ಇನ್ನೂ ಅಲ್ಲಿ ತನಕ ಹೋಗಿಲ್ಲ."

"ಹೂಂ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಜೇಬಿಗೆ ಹೋಗಿತ್ತು. ಅಕ್ಕ ಅದನ್ನು ನೋಡಿದಳೋ ಇಲ್ಲವೋ. ಸ್ವಲ್ಪ ಹೊತ್ತಿಗೆ ಎದ್ದು ಹೋದಳು. ಚಹಾ ಬರಲಿಲ್ಲ.

ಅರವತ್ತನಾಲ್ಕು ವರ್ಷದ ಗಂಡಸು ನಾನು. ನಾಚಿಕೆಯಾಗುತ್ತದೆ.

ಫೆಬ್ರವರಿ 17, ಮಂಗಳವಾರ

ಮೂರು ದಿನದಿಂದ ಒಂದೇ ಯೋಚನೆ ಕೊರೆಯುತ್ತಿತ್ತು. ಆ ಹದಿನೆಂಟನ್ನು ಭಾವ ಒಬ್ಬರೇ ಮಾಡಿದ್ದರೆ, ಅದರ ಮೇಲಿನ ನೇರ ಬೆರಳು ಭಾವನದೇ. ಕೈ ನಡುಗಬಹುದು, ಅಂಚು ಏರುಪೇರಾಗಬಹುದು. ಓರೆ ಬೆರಳು ಮುಪ್ಪಿನಲ್ಲಿ ನೇರವಾಗುತ್ತದೆಯೇ? ಹಾಗಿದ್ದರೆ ನನ್ನ ಕಪಾಟಿನ ತಟ್ಟೆಗಳ ಮೇಲಿರುವ ಓರೆ ಬೆರಳು ಯಾರದು?

ಬೆಳಿಗ್ಗೆ ಕಪಾಟು ತೆಗೆದು ಒಂದೊಂದನ್ನೇ ಮಗುಚಿ ಮಂಚದ ಮೇಲೆ ಹರಡಿದೆ. ಗುರುತುಗಳ ಮೇಲೆ ನನ್ನ ಬೆರಳಿಟ್ಟೆ. ಹದಿನೇಳು ವರ್ಷದಲ್ಲಿ ಭೂತಗನ್ನಡಿ ಇಟ್ಟಿದ್ದೇನೆ, ಅಳತೆಪಟ್ಟಿ ಇಟ್ಟಿದ್ದೇನೆ, ಬೆರಳು ಇಟ್ಟಿದ್ದು ಇದೇ ಮೊದಲು. ನನ್ನ ಬೆರಳು ದಪ್ಪ, ಗುರುತು ಮುಚ್ಚಿಹೋಯಿತು.

ಇವಳು ಹಾಸಿಗೆ ಸರಿಮಾಡಲು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದೇನು ಮಲಗೋ ಜಾಗದಲ್ಲಿ ಸಂತೆ?" ಎನ್ನುತ್ತ ಒಂದನ್ನು ಎತ್ತಿಕೊಂಡಳು, ಸುಮ್ಮನೆ, ಒರೆಸಲು ಎತ್ತಿಕೊಳ್ಳುವ ಹಾಗೆ. ಹೆಬ್ಬೆರಳು ಕೂತಿತು. ತೋರುಬೆರಳು ಕೂತಿತು.

"ಇದು ಹೆಂಗಸರ ಕೈ ಕಣ್ರಿ."

"ಏನಂದೆ?"

"ನೋಡಿ, ಸರಿಯಾಗಿ ಕೂರುತ್ತೆ. ಈ ನಡುಬೆರಳು ಮಾತ್ರ ಕೂರಲ್ಲ. ನಂದು ನೇರ ಇದೆ, ಇದು ಸೊಟ್ಟ."

ಹೇಳಿದವಳೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಮ್ಮಿಬ್ಬರಿಗೂ ಗೊತ್ತಿರುವ ಸೊಟ್ಟ ನಡುಬೆರಳು ಒಂದೇ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಕನ್ನಡಿ, ಭೂತಗನ್ನಡಿ, ನಲವತ್ತು ವರ್ಷದ ಕನ್ನಡಕದ ಅಂಗಡಿ ಯಾವುದೂ ಸಾಕಾಗಲಿಲ್ಲ. ಎರಡು ಏಪ್ರನ್ನು ಎಂದು ನಾನೇ ಬರೆದಿದ್ದೇನೆ, ನಾಲ್ಕನೇ ತಾರೀಖಿನಲ್ಲಿ.

ಅದೇ ದಿನ ಇನ್ನೊಂದನ್ನೂ ಬರೆದಿದ್ದೇನೆ. ಗಾಳಿಗೆ ಬಾಗಿಲು ಬಡಿದು ಅಕ್ಕನ ಬೆರಳು ಸೊಟ್ಟಗಾಯಿತು ಎಂದು. ಯಾರೂ ಓದದ ಪುಸ್ತಕದಲ್ಲೂ ಹಾಗೆಯೇ ಬರೆದಿದ್ದೇನೆ. ಗಾಳಿಯಲ್ಲ. ನನಗೆ ಏಳು, ಅವಳಿಗೆ ಹನ್ನೆರಡು. ನನ್ನ ಬುಗುರಿ ಕೊಡಲಿಲ್ಲ ಎಂದು ಸಿಟ್ಟಿಗೆ ಬಾಗಿಲು ದಬ್ಬಿದವನು ನಾನು. ಅವಳ ಕೈ ಸಂದಿಯಲ್ಲಿದ್ದದ್ದು ಕಂಡಿತ್ತೋ ಇಲ್ಲವೋ, ಅಷ್ಟು ಮಾತ್ರ ನಿಜವಾಗಿಯೂ ನೆನಪಿಲ್ಲ. ಅಮ್ಮ ಓಡಿಬಂದಾಗ "ಗಾಳಿ" ಎಂದೆ. ಅಕ್ಕ ಅಳುತ್ತಲೇ ನನ್ನ ಕಡೆ ನೋಡಿದಳು. ಆಮೇಲೆ ಅವಳೂ "ಗಾಳಿ" ಎಂದಳು.

ಆ ಬೆರಳಿನ ಗುರುತಿಗೆ ನಾನು ಭಾವನ ಗತ್ತು ಎಂದು ಹೆಸರಿಟ್ಟೆ.

ಫೆಬ್ರವರಿ 18, ಬುಧವಾರ

ಹೋಗಲು ಚಪ್ಪಲಿ ಹಾಕಿದೆ. ಬೀದಿಯ ತಿರುವಿನ ತನಕ ಹೋಗಿ ವಾಪಸು ಬಂದೆ.

ಫೆಬ್ರವರಿ 20, ಶುಕ್ರವಾರ

ಹೇಳಿದೆ.

ಅಕ್ಕ ಶೆಡ್ಡಿನಲ್ಲೇ ಇದ್ದಳು, ಅದೇ ಬಕೆಟ್ಟಿನ ಮೇಲೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಕಾಗದ ತೆಗೆದು ಅವಳ ಮಡಿಲಲ್ಲಿಟ್ಟೆ.

"ಅಕ್ಕಾ, ಇದು ನಂಗೆ ಏಳನೇ ತಾರೀಖೇ ಸಿಕ್ಕಿತ್ತು. ಕದ್ದಿಟ್ಕೊಂಡೆ. ಮೊನ್ನೆ ನೀನು ಕೇಳಿದಾಗ ಸುಳ್ಳು ಹೇಳಿದೆ."

"ಗೊತ್ತು."

"ಹೇಗೆ?"

"ಪೆಟ್ಟಿಗೆ ಹಗ್ಗಕ್ಕೆ ಗಂಟು ಬಿದ್ದಿತ್ತು. ನನ್ನ ಕೈಲಿ ಗಂಟು ಹಾಕೋಕೆ ಎಲ್ಲಿ ಆಗುತ್ತೆ? ನಾನು ಸುಮ್ನೆ ಸುತ್ತಿಟ್ಟಿದ್ದೆ." ಕಾಗದವನ್ನು ಅವಳು ಬಿಡಿಸಲಿಲ್ಲ. "ನಿನ್ನ ಕರೆದಿದ್ದು ಇದಕ್ಕೇ ಕಣೋ. ತಟ್ಟೆ ಸಾಗಿಸೋಕೆ ಗುಜರಿಯವನು ಸಾಕಾಗ್ತಿದ್ದ. ಇದು ನಿನ್ನ ಕೈಗೇ ಸಿಗಲಿ, ನೀನಾಗಿ ಬಂದು ಹೇಳ್ತೀಯೇನೋ ಅಂತ ಕಾದೆ. ಹದಿಮೂರು ದಿನ."

ನಾನು ನೆಲದ ಮೇಲೆ ಕೂತೆ. ಭಾವ ಏನೆಂದರು ಎಂದು ಕೇಳಿದೆ. ಕೇಳಲು ಹೆದರಿಕೆಯಾಗಿತ್ತು.

"ಮನೆಗೆ ಬಂದು ನಂಗೆ ಜೋರಾಗಿ ಓದಿ ಹೇಳಿದ್ರು, ನಗ್ತಾ. 'ನೋಡೇ, ನಿನ್ನ ಬೆರಳಿಲ್ಲದೆ ನಿನ್ನ ತಮ್ಮ ನನ್ನನ್ನ ಒಪ್ಪೋದಿಲ್ವಂತೆ. ಸರಿಯಾಗೇ ಹೇಳಿದಾನೆ' ಅಂದ್ರು. ಮಾರನೇ ದಿನ ತಿಗರಿಗೆ ದುಪ್ಪಟಿ ಹೊದಿಸಿದ್ರು. ನಾನು ಎಷ್ಟು ಹೇಳಿದ್ರೂ ಆಮೇಲೆ ತೆಗೀಲಿಲ್ಲ."

"ನಾನು ಯಾವತ್ತೂ ಅಂದ್ಕೊಂಡಿದ್ದು, ಆಗ ಪ್ಲಾಸ್ಟಿಕ್ ಬಂದು ಭಾವನ ಕೆಲಸ ನಿಂತೋಯ್ತು ಅಂತ."

"ಪ್ಲಾಸ್ಟಿಕ್ಕೂ ಬಂತು. ಅದಕ್ಕಿಂತ ಮೊದಲು ನನ್ನ ಕೈ ಹೋಯ್ತು. ಮಣ್ಣು ಎತ್ತೋದು ಅವರು, ಮೆರುಗು ಕಲಸೋದು, ಅದ್ದೋದು, ಭಟ್ಟಿಗೆ ಇಡೋದು ನಾನು. ಇಪ್ಪತ್ಮೂರು ವರ್ಷ. ಈ ಬೆರಳು ಸೊಟ್ಟ ಇದ್ದಿದ್ದು ಒಳ್ಳೇದೇ ಆಯ್ತು, ಬುಡಕ್ಕೆ ಕೊಕ್ಕೆ ಹಾಕಿದ ಹಾಗೆ ಕೂರ್ತಿತ್ತು. ಒಂದು ತಟ್ಟೇನೂ ಕೈ ಜಾರಿ ಬಿದ್ದಿಲ್ಲ."

"ಅಷ್ಟು ಸಲ ಬಂದಿದೀನಿ. ಒಂದ್ಸಲಾನೂ ನೋಡಲಿಲ್ವಲ್ಲ ಅಕ್ಕಾ."

"ನೀನು ಬಂದಾಗಲೆಲ್ಲ ನಾನು ಕೈ ತೊಳ್ಕೊಂಡು ಚಹಾ ತರ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವರನ್ನ ನಕಲಿ ಅಂದಿದ್ದಕ್ಕೆ ಅವರೇ ನಕ್ಕರು, ನಾನ್ಯಾಕೆ ಅಳಲಿ? ಆದ್ರೆ ನನ್ನ ಬೆರಳು ನಿಂಗೆ ಅಷ್ಟು ಚೆನ್ನಾಗಿ ಗೊತ್ತಿತ್ತು, ಅದು ಇಲ್ಲ ಅಂತ ನಿಮ್ಮ ಭಾವನ್ನೇ ಹೊರಗೆ ಹಾಕೋವಷ್ಟು. ನನ್ನದು ಅಂತ ಮಾತ್ರ ಗೊತ್ತಾಗಲಿಲ್ಲ. ಅದೇ ನಂಗೆ ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ."

ಆಗ ಹೇಳಿದೆ. ಐವತ್ತೇಳು ವರ್ಷದ ಮಾತು.

"ಅಕ್ಕಾ, ಅವತ್ತು ಬಾಗಿಲು ಗಾಳಿಗೆ ಬಡಿದಿದ್ದಲ್ಲ. ನಾನೇ ದಬ್ಬಿದ್ದು."

ಅಕ್ಕ ನನ್ನನ್ನೇ ನೋಡಿದಳು. ತುಟಿ ಅಲುಗಿತು. ನಗುವೋ ಅಳುವೋ ಹೇಳಲಾರೆ, ಎರಡೂ ಇದ್ದಿರಬೇಕು.

"ಕಿಟಕಿ ಎಲ್ಲಾ ಮುಚ್ಚಿತ್ತಲ್ಲೋ. ಗಾಳಿ ಎಲ್ಲಿಂದ ಬರ್ಬೇಕು?"

"ಮತ್ತೆ ಅಮ್ಮನ ಹತ್ರ ನೀನೂ ಗಾಳಿ ಅಂದೆ?"

"ಅಮ್ಮ ಹೊಡೀತಾಳೆ ಅಂತ. ಆಮೇಲೆ ನೀನೇ ಬಂದು ಹೇಳ್ತೀಯ ಅಂದ್ಕೊಂಡೆ. ನೀನು ಯಾವತ್ತೂ ತಡ."

ಕತ್ತಲಾಗುವ ಮೊದಲು ಚಹಾ ಕೊಟ್ಟಳು. ಈ ಸಲ ನಾನೇ ಒಳಗೆ ಹೋಗಿ ಲೋಟ ಹಿಡಿದು ತಂದೆ.

ಫೆಬ್ರವರಿ 28, ಶನಿವಾರ

ಒಂದು ವಾರ ಬರೆಯಲು ಪುರಸೊತ್ತಾಗಲಿಲ್ಲ. ಶೆಡ್ಡು ಖಾಲಿಯಾಯಿತು. ತಿಗರಿಯನ್ನು ಅಕ್ಕ ಇಟ್ಟುಕೊಂಡಿದ್ದಾಳೆ, ಒಳಗಿನ ಕೋಣೆಯಲ್ಲಿ, ದುಪ್ಪಟಿ ತೆಗೆದು. ಅಂಗಡಿಯವನಿಗೆ ಹೊಸ ಕಾಗದ ಬರೆದುಕೊಟ್ಟೆ: ಮಣ್ಣು ಎತ್ತಿದವರು ಭಾವ, ಮೆರುಗು ಕೊಟ್ಟವಳು ನನ್ನ ಅಕ್ಕ, ಕೊನೆಯ ಹದಿನೆಂಟು ಭಾವ ಒಬ್ಬರದೇ, ಮೊದಲು ನಾನು ಬರೆದದ್ದು ತಪ್ಪು. ಅಕ್ಕನಿಗೆ ಓದಿ ಹೇಳಿದಾಗ "ಕಾಗದಕ್ಕೇನು ಬಿಡು" ಎಂದಳು. ಹಳೆಯ ಕಾಗದವನ್ನು ಕೇಳಿದೆ, ಹರಿದುಹಾಕಲು. ಕೊಡಲಿಲ್ಲ. "ಅದು ಅವರ ಸಾಮಾನು" ಎಂದಳು.

ಹದಿನೆಂಟರಲ್ಲಿ ನಾಲ್ಕು ಕೊಟ್ಟಳು, ಊಟ ಮಾಡುವುದಾದರೆ ಮಾತ್ರ ಎಂದು. ಈ ವಾರವೆಲ್ಲ ಅದರಲ್ಲೇ ಊಟ. ಮೇಜಿನ ಮೇಲೆ ಕುಂಟುತ್ತವೆ, ಸಾರೆಲ್ಲ ಒಂದು ಬದಿಗೆ ಓಡುತ್ತದೆ. ಇವಳು "ನಿಮ್ಮ ಭಾವ ಊಟದಲ್ಲೂ ಕಾಲೆಳೀತಾರೆ" ಎನ್ನುತ್ತಾಳೆ. ಅಂಚಿನಲ್ಲಿ ಒಂದು ಕಡೆ ಭಾವನ ಬೆರಳು ನಡುಗಿದ ಗೆರೆ ಹಾಗೇ ಇದೆ. ನಾನು ಅದನ್ನು ನನ್ನ ಕಡೆಗೆ ತಿರುಗಿಸಿಟ್ಟುಕೊಳ್ಳುತ್ತೇನೆ. ಗುರುತು ಹಿಡಿಯುತ್ತಾನಾ ನೋಡೋಣ ಎಂದು ಎಪ್ಪತ್ತಾರರ ಮುದುಕ ಪೆಟ್ಟಿಗೆ ಹೊತ್ತು ನಡೆದು ಹೋದದ್ದು ಪ್ರತಿ ಊಟಕ್ಕೂ ನೆನಪಾಗುತ್ತದೆ. ಹಿಡಿದೆ ಭಾವ ಎಂದು ಈಗ ಯಾರಿಗೆ ಹೇಳಲಿ?

ನಂಬರ್ ಹಾಕಿಲ್ಲ. ದಾಖಲೆ ಪುಸ್ತಕ ಎಲ್ಲಿಟ್ಟೆನೋ, ನಾಳೆ ಹುಡುಕಬೇಕು.

ಇವತ್ತು ಅಕ್ಕ ಊಟಕ್ಕೆ ಬಂದಿದ್ದಳು. ಎರಡು ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿದ್ದು. ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು. "ಇಷ್ಟೊಂದಾ?" ಎಂದಳು. "ಒಂದೊಂದನ್ನೂ ನಾನೇ ಅದ್ದಿದ್ದೀನಾ?"

ಬೂದುಹಸಿರಿನ ಒಂದು ತಟ್ಟೆ ತೆಗೆದುಕೊಟ್ಟೆ. ಅಂಗೈಗಳ ನಡುವೆ ಹಿಡಿದು ಮಗುಚಿ, ಬುಡದ ಗುರುತುಗಳ ಮೇಲೆ ಬೆರಳಿಡಲು ಹೋದಳು. ಹೆಬ್ಬೆರಳು ಬಾಗಲಿಲ್ಲ. ತೋರುಬೆರಳ ಗೆಣ್ಣು ಊದಿ ಗುರುತಿನ ಆಚೆ ನಿಂತಿತು. ನಡುಬೆರಳು ಈಗ ಒಳಕ್ಕೆ ತಿರುಗಿದೆ, ಗುರುತು ಹೊರಕ್ಕೆ. ಎರಡು ಸಲ ಪ್ರಯತ್ನಪಟ್ಟಳು. ನಾನು ತಟ್ಟೆಯ ಕೆಳಗೆ ನನ್ನ ಕೈಯೊಡ್ಡಿ ನಿಂತಿದ್ದೆ, ಜಾರೀತು ಎಂದು.

"ಕೂರ್ತಾ ಇಲ್ವಲ್ಲೋ," ಎಂದು ಅಕ್ಕ ನಕ್ಕಳು. "ನಿನ್ನ ಲೆಕ್ಕದಲ್ಲಿ ಈಗ ನಾನೂ ನಕಲಿ."

ನನಗೆ ನಗಲಾಗಲಿಲ್ಲ. ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡೆ, ತೊಳೆದೆ, ಅದರಲ್ಲೇ ಅವಳಿಗೆ ಬಡಿಸಿದೆ.